ಟಾರ್ಗೆಟಿಂಗ್: ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ತಲೆಪೆಟ್ಟಿನ ನಿಯಮ ಮತ್ತು ಅದರ ಸುತ್ತಲಿನ ವಾದ

ಟಾರ್ಗೆಟಿಂಗ್ ಎಂಬುದು ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಅತಿ ಹೆಚ್ಚು ಜಗಳಕ್ಕೆ ಕಾರಣವಾಗಿರುವ ತಪ್ಪುಗಳಲ್ಲಿ ಒಂದು. ಹೆಲ್ಮೆಟ್‌ನ ನೆತ್ತಿಯನ್ನು ಮುಂದೊಡ್ಡಿ ಎದುರಾಳಿಯನ್ನು ಬಲವಾಗಿ ಗುದ್ದುವುದು ಇದರ ಒಂದು ಬಗೆ. ತನ್ನನ್ನು ಕಾಪಾಡಿಕೊಳ್ಳಲಾಗದ ಸ್ಥಿತಿಯಲ್ಲಿರುವ ಆಟಗಾರನ ತಲೆಗೋ ಕುತ್ತಿಗೆಗೋ ಅಪ್ಪಳಿಸುವುದು ಇನ್ನೊಂದು ಬಗೆ. ಎರಡಕ್ಕೂ ಶಿಕ್ಷೆ ಒಂದೇ: ತಂಡಕ್ಕೆ 15 ಯಾರ್ಡ್ ದಂಡ, ಆಟಗಾರನಿಗೆ ಪಂದ್ಯದಿಂದ ಉಚ್ಚಾಟನೆ. ಈ ಎರಡನೆಯ ಶಿಕ್ಷೆ 2013ರಲ್ಲಿ ಜಾರಿಗೆ ಬಂದಂದಿನಿಂದ ಕೋಚ್‌ಗಳು, ರೆಫರಿಗಳು, ವೈದ್ಯರು, ಅಭಿಮಾನಿಗಳು ಅದರ ಬಗ್ಗೆ ವಾದಿಸುತ್ತಲೇ ಇದ್ದಾರೆ.

ಇದು ನಮ್ಮಲ್ಲಿ ಎಲ್ಲರೂ ಬಲ್ಲ ಕಾಲ್ಚೆಂಡಾಟವಲ್ಲ. ರಗ್ಬಿಯ ಹೊಟ್ಟೆಯಲ್ಲಿ ಹುಟ್ಟಿ ಬೇರೆ ದಾರಿ ಹಿಡಿದ ಆಟ. ಪ್ರತಿ ತಂಡದಲ್ಲಿ ಹನ್ನೊಂದು ಮಂದಿ. ಚೆಂಡು ಕೈಯಲ್ಲಿರುವ ತಂಡ ನಾಲ್ಕು ಯತ್ನಗಳೊಳಗೆ 10 ಯಾರ್ಡ್ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಯತ್ನ ಸಿಗುತ್ತವೆ, ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಹತ್ತು ಯಾರ್ಡ್‌ಗೆ ಇಷ್ಟು ಬೆಲೆ ಇರುವ ಆಟದಲ್ಲಿ 15 ಯಾರ್ಡ್ ದಂಡ ಎಂದರೆ ಪಂದ್ಯದ ದಿಕ್ಕನ್ನೇ ಬದಲಿಸಬಲ್ಲ ಶಿಕ್ಷೆ. ಶನಿವಾರ ಬಂತೆಂದರೆ ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣವೊಂದರಲ್ಲೇ ಲಕ್ಷಕ್ಕೂ ಹೆಚ್ಚು ಜನ ಸೇರುತ್ತಾರೆ. ಅವರು ನೋಡಬಂದಿರುವ ಆಟಗಾರರು ಬಹುಪಾಲು ಹದಿನೆಂಟರಿಂದ ಇಪ್ಪತ್ತೆರಡು ವಯಸ್ಸಿನ ವಿದ್ಯಾರ್ಥಿಗಳು. ಅವರಲ್ಲಿ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ತಲುಪುವವರು ತೀರಾ ಕೆಲವರು. ಉಳಿದವರು ಪದವಿ ಮುಗಿಸಿ ಬೇರೆ ಬದುಕು ಕಟ್ಟಿಕೊಳ್ಳಬೇಕು, ಅದಕ್ಕೆ ಅವರ ಮಿದುಳು ಸುಸ್ಥಿತಿಯಲ್ಲಿರಬೇಕು.

ಈ ಆಟದಲ್ಲಿ ಸಾವು–ನೋವಿನ ಚರ್ಚೆ ಹೊಸದಲ್ಲ. ಆಟವನ್ನು ಆಳುವ ಸಂಸ್ಥೆ ಹುಟ್ಟಿದ್ದೇ ಅಂಥ ಒಂದು ಚರ್ಚೆಯಿಂದ. 1892ರಲ್ಲಿ ಹಾರ್ವರ್ಡ್ ತಂಡ ಯೇಲ್ ವಿರುದ್ಧ 'ಫ್ಲೈಯಿಂಗ್ ವೆಡ್ಜ್' ಎಂಬ ವ್ಯೂಹ ಕಟ್ಟಿತು. ಆಟಗಾರರು ಬೆಣೆಯಾಕಾರದಲ್ಲಿ ಒತ್ತೊತ್ತಾಗಿ ಓಡಿಬಂದು ಒಬ್ಬನೇ ರಕ್ಷಕನ ಮೇಲೆ ಬೀಳುವ ತಂತ್ರ ಅದು. ಆಗ ತಲೆಗೆ ಹೆಲ್ಮೆಟ್ ಕಡ್ಡಾಯವಿರಲಿಲ್ಲ. 1905ರ ಋತುವಿನಲ್ಲಿ ಎಲ್ಲ ಹಂತದ ಪಂದ್ಯಗಳಲ್ಲಿ ಸುಮಾರು 18 ಮಂದಿ ಸತ್ತರೆಂದು ಪತ್ರಿಕೆಗಳು ಲೆಕ್ಕ ಕೊಟ್ಟವು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಆ ಅಕ್ಟೋಬರ್‌ನಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ಸರಿಪಡಿಸುವಂತೆ ಹೇಳಿದರು. ಅವರ ಮಗನೇ ಆಗ ಹಾರ್ವರ್ಡ್‌ನ ಮೊದಲ ವರ್ಷದ ತಂಡದಲ್ಲಿ ಆಡುತ್ತಿದ್ದ. ನವೆಂಬರ್ 25ರಂದು ನ್ಯೂಯಾರ್ಕ್ ವಿಶ್ವವಿದ್ಯಾಲಯದ ವಿರುದ್ಧ ಆಡುತ್ತಿದ್ದ ಯೂನಿಯನ್ ಕಾಲೇಜಿನ ಹೆರಾಲ್ಡ್ ಮೂರ್ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡ. ಆ ವಿಶ್ವವಿದ್ಯಾಲಯದ ಕುಲಪತಿ ಹೆನ್ರಿ ಮೆಕ್‌ಕ್ರಾಕೆನ್ ಕರೆದ ಸಭೆಗಳಿಂದ 1906ರಲ್ಲಿ ಹೊಸ ಸಂಸ್ಥೆಯೊಂದು ರೂಪುಗೊಂಡಿತು. 1910ರಿಂದ ಅದರ ಹೆಸರು ಎನ್‌ಸಿಎಎ. ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿದ್ದೂ, ಐದು ಯಾರ್ಡ್ ಬದಲು ಹತ್ತು ಯಾರ್ಡ್ ಸಾಗಬೇಕೆಂದಾದದ್ದೂ 1906ರಲ್ಲೇ. ಗುಂಪುಗುಂಪಾಗಿ ನುಗ್ಗುವುದನ್ನು ತಪ್ಪಿಸಿ ಆಟವನ್ನು ಮೈದಾನದ ತುಂಬ ಹರಡುವುದು ಅದರ ಉದ್ದೇಶ. ಆದರೆ ಆಟ ಹರಡಿದಂತೆ ಓಟದ ವೇಗ ಹೆಚ್ಚಿತು, ದೂರದಿಂದ ಓಡಿಬಂದು ಗುದ್ದುವ ಅವಕಾಶವೂ ಹೆಚ್ಚಿತು.

ಕಾಲೇಜು ಆಟದಲ್ಲಿ ಹೆಲ್ಮೆಟ್ ಕಡ್ಡಾಯವಾದದ್ದು 1939ರಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ರಿಡೆಲ್ ಕಂಪನಿ ಚರ್ಮದ ಬದಲು ಗಟ್ಟಿ ಪ್ಲಾಸ್ಟಿಕ್‌ನ ಹೆಲ್ಮೆಟ್ ತಂದಿತು. 1950ರ ದಶಕದಲ್ಲಿ ಮುಖದ ಮುಂದೆ ಸರಳುಗಳು ಬಂದವು. ತಲೆಬುರುಡೆ ಬಿರಿಯುವುದು, ಮೂಗು–ಹಲ್ಲು ಮುರಿಯುವುದು ಕಡಿಮೆಯಾಯಿತು. ಆದರೆ ಮುಖಕ್ಕೆ ಪೆಟ್ಟು ಬೀಳುತ್ತದೆಂಬ ಸಹಜ ಅಂಜಿಕೆಯೂ ಜೊತೆಗೆ ಹೋಯಿತು. ಎದೆಗೆ, ಹೊಟ್ಟೆಗೆ, ಗದ್ದಕ್ಕೆ ಹೆಲ್ಮೆಟ್‌ನಿಂದಲೇ ಗುರಿಯಿಟ್ಟು ಗುದ್ದುವುದನ್ನು ಕೋಚ್‌ಗಳೇ ಕಲಿಸತೊಡಗಿದರು. 1968ರ ಒಂದೇ ವರ್ಷದಲ್ಲಿ ಶಾಲೆಯಿಂದ ವೃತ್ತಿಪರ ಆಟದವರೆಗೆ 36 ಆಟಗಾರರು ಮೈದಾನದ ಪೆಟ್ಟಿನಿಂದಲೇ ನೇರವಾಗಿ ಸತ್ತರು. ಮರುವರ್ಷ ಕ್ರೀಡಾ ಸಾಮಗ್ರಿಗಳ ಸುರಕ್ಷತೆಗೆ ಮಾನದಂಡ ನಿಗದಿ ಮಾಡುವ ನೊಕ್ಸಿ ಎಂಬ ಸಮಿತಿ ಹುಟ್ಟಿತು. 1976ರಲ್ಲಿ ಎನ್‌ಸಿಎಎ ಮತ್ತು ಪ್ರೌಢಶಾಲಾ ಒಕ್ಕೂಟ ಎರಡೂ ಟ್ಯಾಕಲ್ ಮಾಡುವಾಗ, ಅಂದರೆ ಎದುರಾಳಿಯನ್ನು ಹಿಡಿದು ಕೆಡವುವಾಗ, ತಲೆಯಿಂದ ಮೊದಲ ಪೆಟ್ಟು ಕೊಡುವುದನ್ನು ನಿಷೇಧಿಸಿದವು. 1990ರಲ್ಲಿ ಮೊದಲ ಬಾರಿಗೆ ಮೈದಾನದ ಪೆಟ್ಟಿನಿಂದ ನೇರವಾಗಿ ಒಂದು ಸಾವೂ ದಾಖಲಾಗಲಿಲ್ಲ. ನಿಯಮದಿಂದ ಏನೂ ಬದಲಾಗದು ಎನ್ನುವವರು 1968 ಮತ್ತು 1990 ಎಂಬ ಈ ಎರಡು ವರ್ಷಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಆ ನಿಷೇಧದ ಹಿಂದೆ ಜೋಸೆಫ್ ಟೋರ್ಗ್ ಎಂಬ ಮೂಳೆತಜ್ಞರ ಕೆಲಸವಿತ್ತು. ತಲೆ–ಕುತ್ತಿಗೆಯ ಗಾಯಗಳ ರಾಷ್ಟ್ರೀಯ ದಾಖಲೆಯನ್ನು ಇಟ್ಟು, ಪಂದ್ಯದ ಚಿತ್ರೀಕರಣವನ್ನು ಒಂದೊಂದಾಗಿ ನೋಡಿ ಅವರು ಕಂಡುಕೊಂಡ ಸತ್ಯ ಸರಳವಾದದ್ದು, ಭಯಂಕರವೂ ಹೌದು. ಮನುಷ್ಯ ನೇರವಾಗಿ ನಿಂತು ಮುಂದೆ ನೋಡುವಾಗ ಕುತ್ತಿಗೆಯ ಮೂಳೆಗಳು ಹಿಂದಕ್ಕೆ ತುಸು ಬಾಗಿದ ಕಮಾನಿನಂತಿರುತ್ತವೆ. ಪೆಟ್ಟು ಬಿದ್ದರೆ ಆ ಬಾಗು, ಸುತ್ತಲಿನ ಸ್ನಾಯುಗಳು ಅದನ್ನು ಹೀರಿಕೊಳ್ಳುತ್ತವೆ. ತಲೆಯನ್ನು ಸುಮಾರು 30 ಡಿಗ್ರಿಯಷ್ಟು ಮುಂದಕ್ಕೆ ಬಗ್ಗಿಸಿದೊಡನೆ ಆ ಕಮಾನು ಮಾಯವಾಗಿ ಕುತ್ತಿಗೆ ನೆಟ್ಟಗಿನ ಕಂಬವಾಗುತ್ತದೆ. ಆಗ ನೆತ್ತಿಗೆ ಪೆಟ್ಟು ಬಿದ್ದರೆ ತಲೆ ಅಲ್ಲೇ ನಿಲ್ಲುತ್ತದೆ, ಹಿಂದಿನ ದೇಹ ಮಾತ್ರ ಓಟದ ವೇಗದಲ್ಲೇ ಮುಂದೆ ಬರುತ್ತದೆ. ನಡುವೆ ಸಿಕ್ಕ ಮೂಳೆ ಪುಡಿಯಾಗಿ ಬೆನ್ನುಹುರಿಯನ್ನು ಒತ್ತುತ್ತದೆ. ಅಂದರೆ ಅಪಾಯ ಪೆಟ್ಟು ತಿಂದವನಿಗಷ್ಟೇ ಅಲ್ಲ. ಕುತ್ತಿಗೆ ಮುರಿಯುವುದು ಹೆಚ್ಚಾಗಿ ಪೆಟ್ಟು ಕೊಟ್ಟವನದೇ.

ಇದಕ್ಕೆ ಹೆಸರಿರುವ ಉದಾಹರಣೆಗಳಿವೆ. 1985ರ ಅಕ್ಟೋಬರ್ 26ರಂದು ಸಿಟಡೆಲ್ ಕಾಲೇಜಿನ ಲೈನ್‌ಬ್ಯಾಕರ್ (ರಕ್ಷಣಾ ಆಟಗಾರ) ಮಾರ್ಕ್ ಬ್ಯೂನಿಕಾಂಟಿ ಟ್ಯಾಕಲ್ ಒಂದನ್ನು ಮಾಡುತ್ತ ಕುತ್ತಿಗೆ ಮುರಿದುಕೊಂಡ. ತಂದೆ ನಿಕ್ ಬ್ಯೂನಿಕಾಂಟಿ ಎನ್‌ಎಫ್‌ಎಲ್‌ನ ಹೆಸರಾಂತ ಆಟಗಾರ. ಬೆನ್ನುಹುರಿ ಗಾಯಕ್ಕೆ ಮದ್ದು ಹುಡುಕುವ 'ಮಯಾಮಿ ಪ್ರಾಜೆಕ್ಟ್' ಎಂಬ ಸಂಶೋಧನಾ ಕೇಂದ್ರವನ್ನು ಆ ಕುಟುಂಬ ಕಟ್ಟಿ ಬೆಳೆಸಿತು. 2010ರ ಅಕ್ಟೋಬರ್ 16ರಂದು ರಟ್‌ಗರ್ಸ್ ವಿಶ್ವವಿದ್ಯಾಲಯದ ಎರಿಕ್ ಲೆಗ್ರಾಂಡ್ ಆರ್ಮಿ ತಂಡದ ವಿರುದ್ಧ ಆಟ ಶುರುಮಾಡಲು ಚೆಂಡೊದೆಯುವ ಕಿಕಾಫ್‌ನಲ್ಲಿ ಚೆಂಡು ಹಿಡಿದು ಬರುತ್ತಿದ್ದವನ ಮೇಲೆ ತಲೆ ತಗ್ಗಿಸಿ ಬಿದ್ದ. ಬಿದ್ದವನು ಏಳಲಿಲ್ಲ, ಕುತ್ತಿಗೆಯಿಂದ ಕೆಳಗೆ ದೇಹ ಸ್ವಾಧೀನ ತಪ್ಪಿತ್ತು. ಮರುವರ್ಷ ಹಿಮ ಬೀಳುತ್ತಿದ್ದ ಒಂದು ಪಂದ್ಯದಲ್ಲಿ ಆತ ಗಾಲಿಕುರ್ಚಿಯಲ್ಲಿ ಕುಳಿತು ತನ್ನ ತಂಡವನ್ನು ಮೈದಾನಕ್ಕೆ ಕರೆತಂದ. 2013ರಲ್ಲಿ ಆತನ 52ನೇ ಸಂಖ್ಯೆಯ ಜೆರ್ಸಿಯನ್ನು ವಿಶ್ವವಿದ್ಯಾಲಯ ಗೌರವದಿಂದ ನಿವೃತ್ತಿಗೊಳಿಸಿತು. ಟಾರ್ಗೆಟಿಂಗ್ ನಿಯಮ ರಕ್ಷಣಾ ಆಟಗಾರರ ಕೈ ಕಟ್ಟಿಹಾಕುತ್ತದೆ ಎಂದು ದೂರುವವರು ಮರೆಯುವುದು ಇದನ್ನೇ. ನೆತ್ತಿಯ ನಿಯಮ ಮೊದಲು ಕಾಯುವುದು ರಕ್ಷಣಾ ಆಟಗಾರನನ್ನು.

ಮಿದುಳಿನ ಕಥೆ ಬೇರೆ. ಹೆಲ್ಮೆಟ್ ಬುರುಡೆಯನ್ನು ಕಾಯುತ್ತದೆ, ಬುರುಡೆಯೊಳಗೆ ಮಿದುಳು ತಿರುಚಿ ಅಲುಗಾಡುವುದನ್ನು ತಡೆಯಲಾರದು. ತಲೆಗೆ ಪಕ್ಕದಿಂದ ಬೀಳುವ ಪೆಟ್ಟು ತಲೆಯನ್ನು ಗಿರ್ರನೆ ತಿರುಗಿಸಿದಾಗ ನರತಂತುಗಳು ಎಳೆದಾಡಿದಂತಾಗಿ ಕನ್‌ಕಶನ್ ಆಗುತ್ತದೆ. ಕಣ್ಣು ಮಂಜಾಗುವುದು, ವಾಂತಿ, ಮರೆವು, ತಲೆಸಿಡಿತ ಅದರ ಲಕ್ಷಣಗಳು. ಹೆಚ್ಚಿನವರು ಕೆಲವು ವಾರಗಳಲ್ಲಿ ಸುಧಾರಿಸುತ್ತಾರೆ. ಆದರೆ ವರ್ಷಗಟ್ಟಲೆ ಪೆಟ್ಟು ತಿಂದ ಮಿದುಳಿನಲ್ಲಿ ಟೌ ಎಂಬ ಪ್ರೋಟೀನು ಗಂಟುಗಟ್ಟಿ ಸಿಟಿಇ ಎಂಬ ಕಾಯಿಲೆ ಬರಬಹುದು. ಪಿಟ್ಸ್‌ಬರ್ಗ್‌ನಲ್ಲಿ ಶವಪರೀಕ್ಷೆ ಮಾಡುತ್ತಿದ್ದ ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು ಇದನ್ನು ಫುಟ್‌ಬಾಲ್ ಆಟಗಾರನೊಬ್ಬನಲ್ಲಿ ಮೊದಲು ಕಂಡದ್ದು 2002ರಲ್ಲಿ, ಐವತ್ತನೇ ವಯಸ್ಸಿಗೆ ತೀರಿಕೊಂಡ ಮೈಕ್ ವೆಬ್‌ಸ್ಟರ್‌ನ ಮಿದುಳಿನಲ್ಲಿ. 2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ದಾನವಾಗಿ ಬಂದ 202 ಆಟಗಾರರ ಮಿದುಳುಗಳ ವರದಿ ಪ್ರಕಟಿಸಿದರು. ಎನ್‌ಎಫ್‌ಎಲ್ ಆಟಗಾರರ 111ರಲ್ಲಿ 110, ಕಾಲೇಜು ಹಂತಕ್ಕೇ ನಿಲ್ಲಿಸಿದ್ದವರ 53ರಲ್ಲಿ 48 ಮಿದುಳುಗಳಲ್ಲಿ ಕಾಯಿಲೆ ಸಿಕ್ಕಿತು. ಲಕ್ಷಣ ಕಂಡು ಕಳವಳಗೊಂಡ ಕುಟುಂಬಗಳೇ ಹೆಚ್ಚಾಗಿ ಮಿದುಳು ದಾನ ಮಾಡುವುದರಿಂದ ಈ ಅನುಪಾತವನ್ನು ಎಲ್ಲ ಆಟಗಾರರಿಗೂ ಅನ್ವಯಿಸುವಂತಿಲ್ಲ. ಹಾಗೆಂದು ಕಾಲೇಜು ಆಟಗಾರರ ಆ 48 ಮಿದುಳುಗಳನ್ನು ಕಡೆಗಣಿಸಲೂ ಆಗದು. 2010ರಲ್ಲಿ 21ನೇ ವಯಸ್ಸಿಗೆ ಆತ್ಮಹತ್ಯೆ ಮಾಡಿಕೊಂಡ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಓವೆನ್ ಥಾಮಸ್‌ನ ಮಿದುಳಿನಲ್ಲೂ ಇದೇ ಕಾಯಿಲೆಯ ಆರಂಭ ಕಾಣಿಸಿತು. ಆತನಿಗೆ ಒಮ್ಮೆಯೂ ಕನ್‌ಕಶನ್ ಆಗಿದೆಯೆಂದು ವೈದ್ಯರು ಗುರುತಿಸಿರಲಿಲ್ಲ. ದೊಡ್ಡ ಪೆಟ್ಟುಗಳಷ್ಟೇ ಅಲ್ಲ, ದಿನದಿನವೂ ಬೀಳುವ ಸಣ್ಣ ಪೆಟ್ಟುಗಳ ಮೊತ್ತವೂ ಲೆಕ್ಕಕ್ಕೆ ಬರುತ್ತದೆ ಎಂಬ ಮಾತು ಆಮೇಲೆ ಬಲವಾಯಿತು.

ಇಂಥ ವಾತಾವರಣದಲ್ಲಿ ನಿಯಮ ಹಂತಹಂತವಾಗಿ ಬಿಗಿಯಾಯಿತು. 2005ರಲ್ಲಿ ತಲೆಯಿಂದ ಗುದ್ದುವ ತಪ್ಪಿನ ವಿವರಣೆಯಿಂದ 'ಉದ್ದೇಶಪೂರ್ವಕ' ಎಂಬ ಪದವನ್ನು ತೆಗೆದರು. ಆಟಗಾರನ ಮನಸ್ಸಿನಲ್ಲಿ ಏನಿತ್ತೆಂದು ರೆಫರಿ ಊಹಿಸಬೇಕಾಗಿಲ್ಲ, ದೇಹ ಏನು ಮಾಡಿತೆಂದು ನೋಡಿದರೆ ಸಾಕು ಎಂಬುದು ಇದರ ತಿರುಳು. 2008ರಲ್ಲಿ ಟಾರ್ಗೆಟಿಂಗ್ ಎಂಬ ಹೆಸರಿನಲ್ಲೇ ನಿಯಮ ಬಂತು. 2013ರಲ್ಲಿ ಉಚ್ಚಾಟನೆ ಕಡ್ಡಾಯವಾಯಿತು. ತಪ್ಪು ದ್ವಿತೀಯಾರ್ಧದಲ್ಲಿ ನಡೆದರೆ ಮುಂದಿನ ಪಂದ್ಯದ ಮೊದಲರ್ಧದಲ್ಲೂ ಆಡುವಂತಿಲ್ಲ ಎಂದಾಯಿತು.

ಅದೇ 2013ರ ಜನವರಿ 1ರಂದು ಟ್ಯಾಂಪಾದಲ್ಲಿ ನಡೆದ ಔಟ್‌ಬ್ಯಾಕ್ ಬೌಲ್ ಎಂಬ ಋತು ಕೊನೆಯ ಪಂದ್ಯದಲ್ಲಿ ಸೌತ್ ಕ್ಯಾರೊಲಿನಾದ ಜಡೆವಿಯಾನ್ ಕ್ಲೌನಿ ಯಾರ ತಡೆಯೂ ಇಲ್ಲದೆ ನುಗ್ಗಿ, ಚೆಂಡನ್ನು ಆಗಷ್ಟೇ ಕೈಗೆ ತೆಗೆದುಕೊಂಡಿದ್ದ ಮಿಷಿಗನ್‌ನ ವಿನ್ಸೆಂಟ್ ಸ್ಮಿತ್‌ಗೆ ಅಪ್ಪಳಿಸಿದ್ದ. ಸ್ಮಿತ್‌ನ ಹೆಲ್ಮೆಟ್ ಗಾಳಿಯಲ್ಲಿ ಹಾರಿತು, ಚೆಂಡು ನೆಲಕ್ಕುರುಳಿತು, ಕ್ಲೌನಿಯೇ ಅದನ್ನು ಒಂದೇ ಕೈಯಲ್ಲಿ ಬಾಚಿಕೊಂಡ. ಟಿವಿ ವಾಹಿನಿಗಳು ಅದನ್ನು ವಾರಗಟ್ಟಲೆ ತೋರಿಸಿದವು. ಆ ವರ್ಷದ ಅತ್ಯುತ್ತಮ ಆಟದ ತುಣುಕೆಂದು ಅದಕ್ಕೆ ಎಸ್ಪಿ ಎಂಬ ಕ್ರೀಡಾ ಪ್ರಶಸ್ತಿ ಬಂತು. ಆ ಪೆಟ್ಟು ನಿಯಮಬದ್ಧವಾಗಿತ್ತು: ಸ್ಮಿತ್ ಚೆಂಡು ಹಿಡಿದು ಓಡಲು ಸಜ್ಜಾದವನು, ಅಸಹಾಯ ಸ್ಥಿತಿಯ ಆಟಗಾರನಲ್ಲ, ಕ್ಲೌನಿ ನೆತ್ತಿಯಿಂದ ಗುದ್ದಿರಲಿಲ್ಲ. ಭೀಕರವಾಗಿ ಕಾಣುವ ಪೆಟ್ಟು ತಪ್ಪಾಗಿರಲೇಬೇಕಿಲ್ಲ, ತಪ್ಪಾದ ಪೆಟ್ಟು ಭೀಕರವಾಗಿ ಕಾಣಲೇಬೇಕಿಲ್ಲ. ಜಗಳದ ಅರ್ಧಕ್ಕರ್ಧ ಹುಟ್ಟುವುದು ಇಲ್ಲಿಂದಲೇ.

ನಿಯಮದ ಒಳಹೂರಣ ನೋಡಿದರೆ ರೆಫರಿಯ ಕಷ್ಟ ಅರ್ಥವಾಗುತ್ತದೆ. ನೆತ್ತಿ ಎಂದರೆ ಹೆಲ್ಮೆಟ್‌ನ ತುದಿಬಿಂದುವಿನಿಂದ ಸುತ್ತಲೂ ಆರು ಇಂಚು ತ್ರಿಜ್ಯದ ವೃತ್ತ. ಈ ವೃತ್ತದಿಂದ ಬಲವಾಗಿ ಗುದ್ದಿದರೆ ಪೆಟ್ಟು ಎದುರಾಳಿಯ ಪಕ್ಕೆಗೆ ಬಿದ್ದರೂ ತಪ್ಪು ತಪ್ಪೇ. ಎರಡನೆಯ ಬಗೆಯಲ್ಲಿ ಎದುರಾಳಿ ಅಸಹಾಯನಾಗಿರಬೇಕು: ಚೆಂಡು ಎಸೆಯುತ್ತಿರುವವನು, ಎಸೆದ ಚೆಂಡನ್ನು ಹಿಡಿಯಲು ಹವಣಿಸುತ್ತಿರುವವನು, ಹಿಡಿದು ಇನ್ನೂ ಸಾವರಿಸಿಕೊಳ್ಳದವನು, ಚೆಂಡೊದೆಯುವವನು, ನೆಲಕ್ಕೆ ಬಿದ್ದವನು, ಕಾಲು ಮುಂದಿಟ್ಟು ಜಾರಿ ತಾನು ಶರಣೆಂದು ತೋರಿಸಿದವನು. ಜೊತೆಗೆ ಗುದ್ದಿದವನ ನಡೆಯಲ್ಲಿ ಒಂದಾದರೂ ಸೂಚನೆ ಕಾಣಬೇಕು: ನೆಲ ಬಿಟ್ಟು ಮೇಲಕ್ಕೆ ಚಿಮ್ಮುವುದು, ಕುಕ್ಕರಿಸಿ ಮೇಲ್ಮುಖವಾಗಿ ನುಗ್ಗುವುದು, ಭುಜವನ್ನೋ ಮುಂಗೈಯನ್ನೋ ಮುಷ್ಟಿಯನ್ನೋ ತಲೆಯತ್ತ ಚಾಚುವುದು, ತಲೆ ತಗ್ಗಿಸುವುದು. ಆಕಸ್ಮಿಕವಾಗಿ ತಲೆಗೆ ತಲೆ ತಾಗಿದರೆ ಅದು ಟಾರ್ಗೆಟಿಂಗ್ ಅಲ್ಲ. ಅನುಮಾನವಿದ್ದರೆ ತಪ್ಪೆಂದೇ ಸಾರಬೇಕೆಂದು ನಿಯಮಪುಸ್ತಕ ಹೇಳುತ್ತದೆ. ಇದನ್ನೆಲ್ಲ ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ನೋಡಬೇಕು. ಆದ್ದರಿಂದಲೇ ಪ್ರತಿ ಟಾರ್ಗೆಟಿಂಗ್ ತೀರ್ಪನ್ನೂ ರೀಪ್ಲೇ ಕೊಠಡಿ ಪರಿಶೀಲಿಸುತ್ತದೆ.

ಉಚ್ಚಾಟನೆಗೆ ರೀಪ್ಲೇ ಪರಿಶೀಲನೆ ಬಂದ ಹೊಸತರಲ್ಲಿ ವಿಚಿತ್ರ ಲೋಪವೊಂದಿತ್ತು. ಉಚ್ಚಾಟನೆ ತಪ್ಪೆಂದು ತೀರ್ಮಾನವಾದರೂ 15 ಯಾರ್ಡ್ ದಂಡ ಹಾಗೇ ಉಳಿಯುತ್ತಿತ್ತು. 2013ರ ಅಕ್ಟೋಬರ್ 19ರಂದು ವ್ಯಾಂಡರ್‌ಬಿಲ್ಟ್ ತಂಡದ ನಾಲ್ಕನೇ ಯತ್ನವನ್ನು ಜಾರ್ಜಿಯಾದ ರಾಮಿಕ್ ವಿಲ್ಸನ್ ತಡೆದ. ಟಾರ್ಗೆಟಿಂಗ್ ಎಂದು ರೆಫರಿಗಳು ತಪ್ಪು ಸೂಚಿಸುವ ಬಾವುಟ ಎಸೆದರು. ರೀಪ್ಲೇ ನೋಡಿ ವಿಲ್ಸನ್ ಆಡಬಹುದೆಂದರು. ದಂಡ ಮಾತ್ರ ನಿಂತಿತು, ವ್ಯಾಂಡರ್‌ಬಿಲ್ಟ್‌ಗೆ ಹೊಸ ನಾಲ್ಕು ಯತ್ನ ಸಿಕ್ಕವು. ಜಾರ್ಜಿಯಾ 31–27ರಿಂದ ಸೋತಿತು. 2014ರಲ್ಲಿ ಆ ಲೋಪವನ್ನು ಸರಿಪಡಿಸಿದರು. 2016ರಲ್ಲಿ, ಮೈದಾನದ ರೆಫರಿಗಳ ಕಣ್ಣಿಗೆ ಬೀಳದ ಘೋರ ಪೆಟ್ಟನ್ನು ರೀಪ್ಲೇ ಅಧಿಕಾರಿಯೇ ಹಿಡಿಯಬಹುದೆಂದಾಯಿತು. 2019ರವರೆಗೆ ವಿಡಿಯೊದಲ್ಲಿ ಸ್ಪಷ್ಟವಾಗದಿದ್ದರೆ ಮೈದಾನದ ತೀರ್ಪೇ ನಿಲ್ಲುತ್ತಿತ್ತು, ಕ್ರಿಕೆಟ್ ಡಿಆರ್‌ಎಸ್‌ನ 'ಅಂಪೈರ್ಸ್ ಕಾಲ್' ಇದ್ದಂತೆ. ಆ ವರ್ಷದಿಂದ ಆ ನಡುದಾರಿ ಮುಚ್ಚಿತು: ಎಲ್ಲ ಅಂಶಗಳೂ ದೃಢಪಟ್ಟರೆ ಮಾತ್ರ ಉಚ್ಚಾಟನೆ, ಇಲ್ಲವಾದರೆ ತೀರ್ಪು ರದ್ದು. ಜೊತೆಗೆ ಒಂದೇ ಋತುವಿನಲ್ಲಿ ಮೂರನೇ ಬಾರಿ ಸಿಕ್ಕಿಬಿದ್ದವನು ಮುಂದಿನ ಪೂರ್ತಿ ಪಂದ್ಯ ಕಳೆದುಕೊಳ್ಳಬೇಕೆಂದಾಯಿತು. ಹೊರಹಾಕಿದವನನ್ನು ಎಲ್ಲರೆದುರು ಒಳಕೋಣೆಗೆ ನಡೆಸಿಕೊಂಡು ಹೋಗುವ ಅವಮಾನ 2020ರಲ್ಲಿ ನಿಂತಿತು. ಈಗ ಆತ ತಂಡದವರ ಜೊತೆ ಅಂಚಿನಲ್ಲೇ ನಿಲ್ಲಬಹುದು. ಇದು ಸಣ್ಣ ಬದಲಾವಣೆಯಾದರೂ ಮಾನವೀಯವಾದದ್ದು. ನಿಯಮ ತಿದ್ದಬೇಕಾದದ್ದು ಹುಡುಗನ ಟ್ಯಾಕಲನ್ನು, ಅವನ ಮರ್ಯಾದೆ ಕಳೆಯುವುದು ಅದರ ಕೆಲಸವಲ್ಲ.

ಈ ನಿಯಮ ರಾಜಕಾರಣದ ಮಟ್ಟಕ್ಕೂ ಏರಿದ್ದುಂಟು. 2018ರ ಅಕ್ಟೋಬರ್ 20ರಂದು ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ (ಎಲ್‌ಎಸ್‌ಯು) ಲೈನ್‌ಬ್ಯಾಕರ್ ಡೆವಿನ್ ವೈಟ್ ನಾಲ್ಕನೇ ಕ್ವಾರ್ಟರ್‌ನಲ್ಲಿ ಮಿಸಿಸಿಪ್ಪಿ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ಆಟ ನಡೆಸುವವನು) ನಿಕ್ ಫಿಟ್ಸ್‌ಜೆರಾಲ್ಡ್‌ನನ್ನು ಅವನು ಚೆಂಡೆಸೆದ ಬೆನ್ನಲ್ಲೇ ತಳ್ಳಿದಂತೆ ಗುದ್ದಿದ. ಪೆಟ್ಟು ಅಷ್ಟೇನೂ ಜೋರಾಗಿ ಕಾಣಲಿಲ್ಲ. ಆದರೂ ಉಚ್ಚಾಟನೆಯಾಯಿತು, ಮುಂದಿನ ಪಂದ್ಯದ ಮೊದಲರ್ಧಕ್ಕೆ ನಿರ್ಬಂಧವೂ ಬಿತ್ತು. ಆ ಮುಂದಿನ ಪಂದ್ಯ ಅಲಬಾಮಾ ವಿರುದ್ಧದ್ದು, ಲೂಯಿಸಿಯಾನಾದವರು ವರ್ಷವಿಡೀ ಕಾದು ಕೂತಿದ್ದ ಹಣಾಹಣಿ. ಬಿಲ್ ಕ್ಲಿಂಟನ್ ಅವರ ಚುನಾವಣಾ ತಂತ್ರಗಾರರಾಗಿದ್ದ ಜೇಮ್ಸ್ ಕಾರ್‌ವಿಲ್ ಇದು ಅಲಬಾಮಾಕ್ಕೆ ಅನುಕೂಲ ಮಾಡಿಕೊಡುವ ಸಂಚೆಂದು ಪತ್ರಿಕೆಯಲ್ಲಿ ಬರೆದರು. ಈ ಮೂರೂ ತಂಡಗಳು ಆಡುವ ಲೀಗ್‌ನ ಕಚೇರಿಯಿರುವ ಬರ್ಮಿಂಗ್‌ಹ್ಯಾಂ ನಗರದಲ್ಲಿ ವೈಟ್‌ನನ್ನು ಬಿಡುಗಡೆ ಮಾಡಿ ಎಂದು ಅಭಿಮಾನಿಗಳು ಫಲಕಗಳನ್ನೇ ಹಾಕಿಸಿದರು. ತೀರ್ಪು ಬದಲಾಗಲಿಲ್ಲ. ನವೆಂಬರ್ 3ರಂದು ವೈಟ್ ಹೊರಗಿದ್ದ ಮೊದಲರ್ಧದಲ್ಲಿ ಅಲಬಾಮಾ 16 ಅಂಕ ಗಳಿಸಿತು, ಕೊನೆಗೆ 29–0ರಿಂದ ಗೆದ್ದಿತು. ಅದೇ ವರ್ಷ ದೇಶದ ಅತ್ಯುತ್ತಮ ಲೈನ್‌ಬ್ಯಾಕರ್‌ಗೆ ಕೊಡುವ ಬಟ್ಕಸ್ ಪ್ರಶಸ್ತಿ ವೈಟ್‌ಗೇ ಬಂತು.

2019ರ ಡಿಸೆಂಬರ್ 28ರ ಫಿಯೆಸ್ಟಾ ಬೌಲ್ ಇನ್ನೊಂದು ಉದಾಹರಣೆ. ರಾಷ್ಟ್ರೀಯ ಸೆಮಿಫೈನಲ್‌ನಲ್ಲಿ ಒಹಾಯೊ ಸ್ಟೇಟ್ 16–0 ಮುಂದಿತ್ತು. ಮೂರನೇ ಯತ್ನದಲ್ಲಿ ಶಾನ್ ವೇಡ್ ಕ್ಲೆಮ್ಸನ್‌ನ ಕ್ವಾರ್ಟರ್‌ಬ್ಯಾಕ್ ಟ್ರೆವರ್ ಲಾರೆನ್ಸ್‌ನನ್ನು ಕೆಡವಿದ. ರೀಪ್ಲೇ ನೋಡಿದ ಮೇಲೆ ಟಾರ್ಗೆಟಿಂಗ್ ಎಂದರು. ನಿಲ್ಲಬೇಕಿದ್ದ ಕ್ಲೆಮ್ಸನ್‌ನ ಮುನ್ನಡೆ ಚೆಂಡನ್ನು ಕೊನೆಯ ಗೆರೆ ದಾಟಿಸಿದ ಟಚ್‌ಡೌನ್‌ನಲ್ಲಿ ಮುಗಿಯಿತು, ಪಂದ್ಯವೂ 29–23ರಿಂದ ಅದರದಾಯಿತು. ಕೊನೆಯ ಗಳಿಗೆಯಲ್ಲಿ ಲಾರೆನ್ಸ್ ತಲೆ ತಗ್ಗಿಸಿದ, ವೇಡ್ ಏನು ಮಾಡಬೇಕಿತ್ತು ಎಂದು ಒಹಾಯೊ ಅಭಿಮಾನಿಗಳು ಇಂದಿಗೂ ಕೇಳುತ್ತಾರೆ. ಪ್ರಶ್ನೆ ಸಾಧುವಾದದ್ದೇ. ಓಡುವವನು ಕುಗ್ಗಿದಂತೆಲ್ಲ ಗುರಿ ಕೆಳಗಿಳಿಯುತ್ತದೆ, ಎದೆಗೆ ಎಂದು ಹೊರಟ ಭುಜ ಮುಖಕ್ಕೆ ತಾಗುತ್ತದೆ. ಆದರೆ ವೇಡ್‌ನ ತಲೆಯೂ ತಗ್ಗಿತ್ತು. ಮುಖ ಮೇಲೆತ್ತಿ ಎದುರಾಳಿಯನ್ನು ನೋಡುತ್ತ ಹೋಗಿದ್ದರೆ ನೆತ್ತಿಯ ಪ್ರಶ್ನೆಯೇ ಬರುತ್ತಿರಲಿಲ್ಲ.

ಮರುವರ್ಷದ ಋತುವಿನಲ್ಲಿ ಅದೇ ಎರಡು ತಂಡಗಳು ಮತ್ತೆ ಎದುರಾದವು. 2021ರ ಜನವರಿ 1ರ ಶುಗರ್ ಬೌಲ್‌ನಲ್ಲಿ ಕ್ಲೆಮ್ಸನ್‌ನ ಜೇಮ್ಸ್ ಸ್ಕಾಲ್ಸ್ಕಿ ಓಡಿಬರುತ್ತಿದ್ದ ಜಸ್ಟಿನ್ ಫೀಲ್ಡ್ಸ್‌ನ ಪಕ್ಕೆಗೆ ನೆತ್ತಿಯಿಂದ ಗುದ್ದಿದ. ಫೀಲ್ಡ್ಸ್ ನೆಲದ ಮೇಲೆ ಹೊರಳಾಡಿದ, ಸ್ಕಾಲ್ಸ್ಕಿ ಉಚ್ಚಾಟನೆಗೊಂಡ. ಒಂದು ವರ್ಷದ ಹಿಂದೆ ಎಲ್‌ಎಸ್‌ಯು ವಿರುದ್ಧದ ಫೈನಲ್‌ನಲ್ಲೂ ಆತ ಇದೇ ತಪ್ಪಿಗೆ ಹೊರಹೋಗಿದ್ದ. ತಲೆಗೆ ತಾಗಲೇ ಇಲ್ಲವಲ್ಲ ಎಂದು ಟಿವಿ ಮುಂದಿದ್ದ ಅನೇಕರು ಬೆರಗಾದರು. ನೆತ್ತಿಯ ನಿಯಮಕ್ಕೆ ಎದುರಾಳಿಯ ತಲೆ ಬೇಕಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ಫೀಲ್ಡ್ಸ್ ನೋವು ನುಂಗಿಕೊಂಡು ಆಡಿ ಆರು ಟಚ್‌ಡೌನ್ ಪಾಸ್ ಎಸೆದ. ಒಹಾಯೊ ಸ್ಟೇಟ್ 49–28ರಿಂದ ಗೆದ್ದಿತು.

ಬಾವುಟ ಬಿದ್ದದ್ದಕ್ಕಷ್ಟೇ ಅಲ್ಲ, ಬೀಳದ್ದಕ್ಕೂ, ಬಿದ್ದು ರದ್ದಾದದ್ದಕ್ಕೂ ಗುಲ್ಲೇಳುತ್ತದೆ. 2022ರ ಡಿಸೆಂಬರ್ 31ರ ಪೀಚ್ ಬೌಲ್‌ನಲ್ಲಿ ಜಾರ್ಜಿಯಾದ ಜಾವನ್ ಬುಲಾರ್ಡ್ ಗೆರೆಯಾಚೆ ಚೆಂಡು ಹಿಡಿಯಲು ಚಾಚಿದ್ದ ಮಾರ್ವಿನ್ ಹ್ಯಾರಿಸನ್ ಜೂನಿಯರ್‌ಗೆ ಅಪ್ಪಳಿಸಿದ. ಟಾರ್ಗೆಟಿಂಗ್ ಎಂದು ಕೊಟ್ಟ ತೀರ್ಪು ರೀಪ್ಲೇಯಲ್ಲಿ ರದ್ದಾಯಿತು. ಕನ್‌ಕಶನ್ ಆದ ಹ್ಯಾರಿಸನ್ ಮತ್ತೆ ಆಡಲಿಲ್ಲ. ಒಹಾಯೊ ಸ್ಟೇಟ್ 42–41ರಿಂದ ಸೋತಿತು. 2025ರ ಜನವರಿ 1ರಂದು ಅದೇ ಪೀಚ್ ಬೌಲ್‌ನಲ್ಲಿ ಟೆಕ್ಸಸ್–ಅರಿಝೋನಾ ಸ್ಟೇಟ್ ಪಂದ್ಯ 24–24ರಲ್ಲಿ ಸಮನಾಗಿತ್ತು. ಮುಗಿಯಲು ಸುಮಾರು ಒಂದು ನಿಮಿಷವಿದ್ದಾಗ ಟೆಕ್ಸಸ್‌ನ ಮೈಕೆಲ್ ಟಾಫಿ ಚೆಂಡು ಹಿಡಿದ ಮೆಲ್ಕ್ವಾನ್ ಸ್ಟೋವಲ್‌ಗೆ ಮುಖಾಮುಖಿ ಗುದ್ದಿದ. ರೀಪ್ಲೇ ಕೊಠಡಿ ನೋಡಿ ತಪ್ಪಿಲ್ಲ ಎಂದಿತು. ಎರಡು ಹೆಚ್ಚುವರಿ ಅವಧಿಗಳ ನಂತರ ಟೆಕ್ಸಸ್ 39–31ರಿಂದ ಗೆದ್ದಿತು. ಅರಿಝೋನಾ ಸ್ಟೇಟ್ ಸೇರಿರುವ ಬಿಗ್ 12 ಲೀಗ್‌ನ ಆಯುಕ್ತ ಬ್ರೆಟ್ ಯಾರ್ಮಾರ್ಕ್ ಟಾರ್ಗೆಟಿಂಗ್ ತೀರ್ಪಿಗೆ ದೇಶಕ್ಕೆಲ್ಲ ಒಂದೇ ಅಳತೆಗೋಲು ಬೇಕೆಂದರು. ಕಾಲೇಜು ಆಟದಲ್ಲಿ ರೆಫರಿಗಳನ್ನು ನೇಮಿಸಿ ತರಬೇತಿ ಕೊಡುವುದು ಆಯಾ ಲೀಗ್‌ಗಳು. ಪುಸ್ತಕ ಒಂದೇ ಆದರೂ ಅದನ್ನು ಓದುವ ಕಣ್ಣುಗಳು ಬೇರೆ ಬೇರೆ.

ವಾದದ ಪಕ್ಷಗಳು ಹಲವು. ಕೋಚ್‌ಗಳಲ್ಲಿ ಅನೇಕರು ಬ್ಯಾಸ್ಕೆಟ್‌ಬಾಲ್‌ನ ಫ್ಲಾಗ್ರಂಟ್ ತಪ್ಪಿನಂತೆ ಎರಡು ದರ್ಜೆ ಬೇಕೆನ್ನುತ್ತಾರೆ: ಕೆಟ್ಟ ಉದ್ದೇಶ ಕಂಡರೆ ಉಚ್ಚಾಟನೆ, ಇಲ್ಲವಾದರೆ ದಂಡ ಮಾತ್ರ. ಆದರೆ ಇದು 2005ರಲ್ಲಿ ಹೊರಹಾಕಿದ ಉದ್ದೇಶದ ಪ್ರಶ್ನೆಯನ್ನೇ ಹಿಂಬಾಗಿಲಿನಿಂದ ಒಳಗೆ ತರುತ್ತದೆ. ಇನ್ನು ಕೆಲವರು ಹೇಳುವುದು, ತಲೆ ಬಿಡಿ ಎಂದರೆ ಹುಡುಗರು ಮಂಡಿಗೆ ಗುದ್ದುತ್ತಾರೆ ಎಂದು. ಇದಕ್ಕೆ ಆಧಾರವಿಲ್ಲದಿಲ್ಲ. 2013ರ ಆಗಸ್ಟ್‌ನಲ್ಲಿ ಎನ್‌ಎಫ್‌ಎಲ್ ಅಭ್ಯಾಸ ಪಂದ್ಯವೊಂದರಲ್ಲಿ ಡಸ್ಟಿನ್ ಕೆಲ್ಲರ್‌ನ ಮಂಡಿ ಮುರಿದ ಡಿ.ಜೆ. ಸ್ವೇರಿಂಜರ್, ತಲೆಪೆಟ್ಟಿನ ನಿಯಮಗಳಿಗೆ ಹೆದರಿಯೇ ಕೆಳಗೆ ಗುರಿಯಿಟ್ಟೆ ಎಂದು ಹೇಳಿದ್ದ. ಮಂಡಿಯ ಗಾಯ ಆಟದ ಬದುಕನ್ನೇ ಮುಗಿಸಬಲ್ಲದು, ನಿಜ. ಆದರೆ ಮಂಡಿಗೆ ಶಸ್ತ್ರಚಿಕಿತ್ಸೆ ಇದೆ, ಟೌ ಗಂಟುಗಳಿಗೆ ಇಲ್ಲ. ಮೂರನೆಯ ದೂರು ಎಲ್ಲಕ್ಕಿಂತ ನ್ಯಾಯವಾದದ್ದು: ಚೆಂಡು ಹಿಡಿದು ತಲೆ ತಗ್ಗಿಸಿ ನುಗ್ಗುವವನಿಗೂ ನೆತ್ತಿಯ ನಿಯಮ ಅನ್ವಯಿಸುತ್ತದೆ, ಆದರೆ ಬಾವುಟ ಬೀಳುವುದು ಬಹುತೇಕ ರಕ್ಷಣಾ ಆಟಗಾರರ ಮೇಲೆಯೇ. ಮುಂದಿನ ಪಂದ್ಯಕ್ಕೂ ಚಾಚುವ ಶಿಕ್ಷೆಯ ಬಗೆಗಿನ ಅಸಮಾಧಾನಕ್ಕೆ 2022ರಲ್ಲಿ ಸ್ವಲ್ಪ ಉತ್ತರ ಸಿಕ್ಕಿತು. ದ್ವಿತೀಯಾರ್ಧದ ಉಚ್ಚಾಟನೆಯನ್ನು ಲೀಗ್ ಮೂಲಕ ರೆಫರಿಗಳ ರಾಷ್ಟ್ರೀಯ ಸಂಯೋಜಕರ ಮುಂದೆ ಮರುಪರಿಶೀಲನೆಗೆ ಒಯ್ಯಲು ಅವಕಾಶವಾಯಿತು.

ನ್ಯಾಯಾಲಯಗಳ ಹಾದಿ ಇದಕ್ಕಿಂತ ನಿಧಾನದ್ದು. 1955ರಲ್ಲಿ ಕೊಲೊರಾಡೊದ ಫೋರ್ಟ್ ಲೂಯಿಸ್ ಕಾಲೇಜಿಗೆ ಆಡುತ್ತ ತಲೆಪೆಟ್ಟಿನಿಂದ ಸತ್ತ ರೇ ಡೆನಿಸನ್‌ನ ಪತ್ನಿ ಕಾರ್ಮಿಕ ಪರಿಹಾರ ಕೇಳಿದರು. ಆತ ಕಾಲೇಜಿನ ನೌಕರನಲ್ಲ ಎಂದು 1957ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತಿರಸ್ಕರಿಸಿತು. 'ವಿದ್ಯಾರ್ಥಿ ಕ್ರೀಡಾಪಟು' ಎಂಬ ಹೆಸರನ್ನು ಎನ್‌ಸಿಎಎ ಗಟ್ಟಿಯಾಗಿ ಹಿಡಿದುಕೊಂಡದ್ದು ಇಂಥ ಮೊಕದ್ದಮೆಗಳ ಕಾಲದಲ್ಲೇ. ಆಡ್ರಿಯನ್ ಅರಿಂಗ್ಟನ್ ಎಂಬ ಮಾಜಿ ಆಟಗಾರ 2011ರಲ್ಲಿ ಹೂಡಿದ ದಾವೆ 2019ರಲ್ಲಿ ಅಂತಿಮ ರಾಜಿಯಾಯಿತು. ಮಾಜಿ ಆಟಗಾರರ ವೈದ್ಯಕೀಯ ತಪಾಸಣೆಗೆ 7 ಕೋಟಿ ಡಾಲರ್, ಸಂಶೋಧನೆಗೆ 50 ಲಕ್ಷ ಡಾಲರ್ ಮೀಸಲಾಯಿತು. ಗಾಯಗೊಂಡವರಿಗೆ ನೇರ ಪರಿಹಾರ ಅದರಲ್ಲಿರಲಿಲ್ಲ. 2022ರ ನವೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ಜ್ಯೂರಿ, ಮಾಜಿ ಲೈನ್‌ಬ್ಯಾಕರ್ ಮ್ಯಾಥ್ಯೂ ಗೀ ಸಾವಿಗೆ ಎನ್‌ಸಿಎಎ ಹೊಣೆಯಲ್ಲ ಎಂದು ತೀರ್ಪಿತ್ತಿತು.

ಟಾರ್ಗೆಟಿಂಗ್ ಕುರಿತ ಗದ್ದಲದಲ್ಲಿ ಮರೆಯಾಗುವ ಸಂಗತಿಯೊಂದಿದೆ: ತಲೆಗೆ ಬೀಳುವ ಪೆಟ್ಟುಗಳ ದೊಡ್ಡ ಪಾಲು ಪಂದ್ಯದಲ್ಲಿ ಬೀಳುವುದೇ ಇಲ್ಲ. 2015ರಿಂದ 2019ರವರೆಗೆ ಆರು ದೊಡ್ಡ ಕಾಲೇಜು ತಂಡಗಳ 658 ಆಟಗಾರರ ಹೆಲ್ಮೆಟ್‌ಗಳಲ್ಲಿ ಸಂವೇದಕಗಳನ್ನಿಟ್ಟು ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಕನ್‌ಕಶನ್‌ಗಳಲ್ಲಿ ಶೇ 72ರಷ್ಟು ಅಭ್ಯಾಸದ ವೇಳೆ ಆಗಿದ್ದವು. ಋತು ಶುರುವಾಗುವ ಮುಂಚಿನ ತರಬೇತಿಯ ಕೆಲವೇ ವಾರಗಳಲ್ಲಿ ಒಟ್ಟಿನ ಅರ್ಧದಷ್ಟು ಸಂಭವಿಸಿದ್ದವು. ಅದೇ ವರ್ಷ ಎನ್‌ಸಿಎಎ ಋತುಪೂರ್ವ ತರಬೇತಿಯಲ್ಲಿ ಪೂರ್ಣ ರಕ್ಷಾಕವಚ ತೊಟ್ಟು ಆಡುವ ದಿನಗಳನ್ನು ಒಂಬತ್ತಕ್ಕೆ ಇಳಿಸಿತು. ಇಬ್ಬರನ್ನು ಎದುರುಬದುರು ನಿಲ್ಲಿಸಿ ಗೂಳಿಗಳಂತೆ ಗುದ್ದಾಡಿಸುವ 'ಒಕ್ಲಹೋಮಾ ಡ್ರಿಲ್' ಅನ್ನು ನಿಷೇಧಿಸಿತು.

ಇದಕ್ಕೂ ಮುಂಚೆ ದಾರಿ ತೋರಿಸಿದ್ದು ಡಾರ್ಟ್‌ಮತ್ ಕಾಲೇಜು. ಅಲ್ಲಿನ ಕೋಚ್ ಬಡ್ಡಿ ಟೀವೆನ್ಸ್ 2010ರಲ್ಲಿ ಅಭ್ಯಾಸದ ವೇಳೆ ಆಟಗಾರರು ಒಬ್ಬರನ್ನೊಬ್ಬರು ಕೆಡವುವುದನ್ನೇ ನಿಲ್ಲಿಸಿದರು. ಬದಲಿಗೆ ಮೆತ್ತೆಯ ಬೊಂಬೆಗಳ ಮೇಲೆ ಟ್ಯಾಕಲ್ ಕಲಿಸಿದರು. ಅದೇ ಕಾಲೇಜಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಓಡಾಡುವ ಯಂತ್ರಬೊಂಬೆಯನ್ನೂ ತಯಾರಿಸಿಕೊಟ್ಟರು. ತಂಡ ಕಳೆಗುಂದಲಿಲ್ಲ, 2015ರಲ್ಲಿ ಹಾರ್ವರ್ಡ್, ಯೇಲ್‌ಗಳೂ ಇರುವ ಐವಿ ಲೀಗ್‌ನ ಪ್ರಶಸ್ತಿಯಲ್ಲಿ ಪಾಲು ಪಡೆಯಿತು. ಮರುವರ್ಷ ಐವಿ ಲೀಗ್‌ನ ಎಂಟೂ ತಂಡಗಳು ಋತುವಿನ ನಡುವೆ ಅಂಥ ಅಭ್ಯಾಸ ಕೈಬಿಟ್ಟವು. ಜೊತೆಗೆ ಕಿಕಾಫ್ ಅನ್ನು ಐದು ಯಾರ್ಡ್ ಮುಂದಕ್ಕೆ, 40 ಯಾರ್ಡ್ ಗೆರೆಗೆ ತಂದರು. ಚೆಂಡು ಹೆಚ್ಚಾಗಿ ಗೆರೆಯಾಚೆ ಹೋಗಿ ಬೀಳತೊಡಗಿತು, ಎರಡೂ ಕಡೆಯವರು ದೂರದಿಂದ ಓಡಿಬಂದು ಡಿಕ್ಕಿಯಾಗುವುದು ತಗ್ಗಿತು. ಸಾವಿರ ಕಿಕಾಫ್‌ಗಳಿಗೆ ಸುಮಾರು 11ರಷ್ಟಿದ್ದ ಕನ್‌ಕಶನ್ ಪ್ರಮಾಣ ಎರಡಕ್ಕೆ ಇಳಿಯಿತು. ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದಲ್ಲಿ ಎರಿಕ್ ಸ್ವಾರ್ಟ್ಜ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ವಾರದಲ್ಲಿ ಕೆಲವು ನಿಮಿಷ ಹೆಲ್ಮೆಟ್ ಕಳಚಿಟ್ಟು ಟ್ಯಾಕಲ್ ಅಭ್ಯಾಸ ಮಾಡಿದ ಗುಂಪಿನಲ್ಲಿ ಋತುವಿನ ಕೊನೆಗೆ ತಲೆಪೆಟ್ಟುಗಳು ಶೇ 28ರಷ್ಟು ಕಡಿಮೆಯಾದದ್ದು ಅವರ ಅಧ್ಯಯನದಲ್ಲಿ ಕಂಡುಬಂತು. ಹೆಲ್ಮೆಟ್ ಇಲ್ಲದಾಗ ತಲೆಯನ್ನು ಪಕ್ಕಕ್ಕಿಟ್ಟು ಭುಜದಿಂದ ಹಿಡಿಯುವುದನ್ನು ದೇಹ ತಾನೇ ಕಲಿಯುತ್ತದೆ.

ಉಚ್ಚಾಟನೆಯ ನಿಯಮವನ್ನು ಸಡಿಲಿಸಬೇಕೆಂಬ ಒತ್ತಾಯ ದೊಡ್ಡ ಪಂದ್ಯ ಮುಗಿದಾಗಲೆಲ್ಲ ಏಳುತ್ತದೆ. ಅದಕ್ಕೆ ಮಣಿಯುವುದು ತಪ್ಪಾಗುತ್ತದೆ. ದಂಡದ ಯಾರ್ಡ್‌ಗಳನ್ನು ತಂಡ ಮರುಗಳಿಸಬಹುದು, ಹೊರಗೆ ಕೂತ ಒಳ್ಳೆಯ ಆಟಗಾರನನ್ನು ಮರುಗಳಿಸಲಾಗದು. ಕೋಚ್‌ಗಳು ಟ್ಯಾಕಲ್ ಕಲಿಸುವ ರೀತಿ ಬದಲಿಸಿದ್ದು ಈ ಭಯದಿಂದಲೇ. ತಿದ್ದಬೇಕಾದದ್ದು ಬೇರೆ ಕಡೆ ಇದೆ. ರೀಪ್ಲೇ ತೀರ್ಪು ಲೀಗ್‌ಗಳ ಕೈಬಿಟ್ಟು ದೇಶಕ್ಕೆಲ್ಲ ಒಂದೇ ಕೇಂದ್ರದಿಂದ ಬರಬೇಕು. ತಲೆ ತಗ್ಗಿಸಿ ನುಗ್ಗುವ ಓಟಗಾರನ ಮೇಲೂ ಅಷ್ಟೇ ಧೈರ್ಯದಿಂದ ಬಾವುಟ ಬೀಳಬೇಕು. ಎಲ್ಲಕ್ಕಿಂತ ಮೊದಲು, ಲಕ್ಷ ಜನ ಸೇರುವ ಮೈದಾನಗಳಲ್ಲಿ ಆಡುವ ದೊಡ್ಡ ಲೀಗ್‌ಗಳು ವಾರದ ಅಭ್ಯಾಸದಲ್ಲಿ ಒಬ್ಬರನ್ನೊಬ್ಬರು ಕೆಡವುವುದನ್ನು ಐವಿ ಲೀಗ್‌ನಂತೆ ನಿಲ್ಲಿಸಬೇಕು. ಡಾರ್ಟ್‌ಮತ್ ಅದನ್ನು 2010ರಲ್ಲೇ ಮಾಡಿ ತೋರಿಸಿದೆ.